ಚಿಪ್ 3 ಸತ್ತಿದ್ದನ್ನು ಯಾರೂ ಹೇಳಲಿಲ್ಲ: ಜೀವಂತ ನರಕೋಶಗಳ ಜೊತೆ ನಾಲ್ಕು ವಾರ

ನಾನು ಹನ್ನೊಂದು ವರ್ಷದಿಂದ ಇಸಿಜಿ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಎದೆಗೆ ಅಂಟಿಸಿದ ತಂತಿಯಿಂದ ಬರುವ ಸಿಗ್ನಲ್‌ನಲ್ಲಿ ಯಾವುದು ಹೃದಯದ್ದು, ಯಾವುದು ರೋಗಿ ಕೈ ಅಲ್ಲಾಡಿಸಿದ್ದರಿಂದ ಬಂದದ್ದು ಅಂತ ಬಿಡಿಸುವುದೇ ನನ್ನ ದಿನದ ಕೆಲಸ. ಹಾಗಾಗಿ ಜೀವಂತ ನರಕೋಶಗಳನ್ನೇ ಕಂಪ್ಯೂಟರ್ ತರಹ ಬಳಸಬಹುದು, ಮನೆಯಲ್ಲೇ ಕೂತು ಪೈಥಾನ್ ಕೋಡ್ ಬರೆದು ದೂರದ ಲ್ಯಾಬ್‌ನಲ್ಲಿರುವ ಕೋಶಗಳ ಮೇಲೆ ಓಡಿಸಬಹುದು ಅಂತ ತಿಳಿದಾಗ ಸುಮ್ಮನಿರಲು ಆಗಲಿಲ್ಲ. ನಾಲ್ಕು ವಾರಕ್ಕೆ ಹೆಸರು ಬರೆಸಿಬಿಟ್ಟೆ.

ಈ ವಿಷಯದಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರುಗಳು ಎರಡು. ಒಂದು ಮೆಲ್ಬರ್ನ್‌ನ ಕಾರ್ಟಿಕಲ್ ಲ್ಯಾಬ್ಸ್. 2022ರಲ್ಲಿ ಸುಮಾರು 8 ಲಕ್ಷ ನರಕೋಶಗಳಿಗೆ ಪಾಂಗ್ ಅನ್ನುವ, ಬ್ಯಾಟಿನಿಂದ ಚೆಂಡು ತಡೆಯುವ ಹಳೆಯ ವಿಡಿಯೋ ಗೇಮ್ ಆಡಿಸಿ ಸುದ್ದಿ ಮಾಡಿದ ಸಂಸ್ಥೆ. 2025ರ ಮಾರ್ಚ್‌ನಲ್ಲಿ ಸಿಎಲ್1 ಅನ್ನುವ ಯಂತ್ರವನ್ನೂ ತಂದಿತು. ಇನ್ನೊಂದು ಸ್ವಿಟ್ಜರ್ಲೆಂಡಿನ ವೆವೇ ಊರಿನ ಫೈನಲ್‌ಸ್ಪಾರ್ಕ್. ಅವರು ಆರ್ಗನಾಯ್ಡ್‌ಗಳನ್ನು, ಅಂದರೆ ಅರ್ಧ ಮಿಲಿಮೀಟರ್ ಗಾತ್ರದ ನರಕೋಶದ ಉಂಡೆಗಳನ್ನು, ಇಂಟರ್ನೆಟ್ ಮೂಲಕ ಬಳಸಲು ಕೊಡುತ್ತಾರೆ. ನಾನು ಬಳಸಿದ್ದು ಇವೆರಡೂ ಅಲ್ಲ, ಬೇರೊಂದು ಚಿಕ್ಕ ಲ್ಯಾಬ್‌ನ ಸೇವೆ. ಹೆಸರು ಬರೆಯುತ್ತಿಲ್ಲ. ನನ್ನ ದೂರು ಆ ಲ್ಯಾಬ್‌ಗಿಂತ ಜಾಸ್ತಿ ಇಂಥ ಸೇವೆ ನಡೆಸುವ ರೀತಿಯ ಮೇಲೆ. ಮುಂದೆ ಇನ್ನೂ ನಾಲ್ಕಾರು ಜನ ಇದನ್ನೇ ಶುರು ಮಾಡುತ್ತಾರೆ, ಅವರೂ ಓದಲಿ ಅಂತ ಬರೆಯುತ್ತಿದ್ದೇನೆ.

ಕೈಗೆ ಏನು ಸಿಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಆರು ಚಿಪ್‌ಗಳಿವೆ. ಒಂದೊಂದರಲ್ಲೂ 60 ಎಲೆಕ್ಟ್ರೋಡ್, ಅಂದರೆ ಕೋಶಗಳ ಸಿಗ್ನಲ್ ಹಿಡಿಯುವ, ಅವಕ್ಕೆ ಕರೆಂಟ್ ಕೊಡುವ ಚಿಕ್ಕ ಬಿಂದುಗಳು. ಎಂಟಕ್ಕೆ ಎಂಟರ ಚೌಕ, ನಾಲ್ಕು ಮೂಲೆ ಖಾಲಿ. ಪ್ರತಿ ಎಲೆಕ್ಟ್ರೋಡ್ 30 ಮೈಕ್ರೋಮೀಟರ್ ಅಗಲ, ಒಂದರಿಂದ ಇನ್ನೊಂದಕ್ಕೆ 200 ಮೈಕ್ರೋಮೀಟರ್ ದೂರ. ಅದರ ಮೇಲೆ ಮನುಷ್ಯರ ನರಕೋಶಗಳು ತೆಳುವಾಗಿ ಹರಡಿ ಬೆಳೆದಿರುತ್ತವೆ. ಯಾರ ಮೆದುಳಿನಿಂದಲೂ ತೆಗೆದದ್ದಲ್ಲ. ದೊಡ್ಡವರ ಚರ್ಮದ ಕೋಶವನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಏನು ಬೇಕಾದರೂ ಆಗಬಲ್ಲ ಎಳೆಯ ಕೋಶ ಮಾಡುವ ದಾರಿಯನ್ನು ಶಿನ್ಯಾ ಯಮನಾಕ 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರಲ್ಲಿ ತೋರಿಸಿದರು. 2012ರಲ್ಲಿ ನೊಬೆಲ್ ಬಂತು. ಆ ಎಳೆಯ ಕೋಶವನ್ನು ನರಕೋಶ ಆಗುವಂತೆ ಬೆಳೆಸುತ್ತಾರೆ. ಚಿಪ್‌ಗಳು 37 ಡಿಗ್ರಿಯ, 5% ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಇರುತ್ತವೆ. ಎರಡು ಮೂರು ದಿನಕ್ಕೊಮ್ಮೆ ಅವುಗಳ ಆಹಾರ ಇರುವ ದ್ರವವನ್ನು, ಅಂದರೆ ಮೀಡಿಯಂ ಅನ್ನು, ಬದಲಿಸುತ್ತಾರೆ.

ನಾವು ಲಾಗಿನ್ ಆಗಿ, ಸ್ಲಾಟ್ (ನಮ್ಮ ಪಾಲಿನ ಸಮಯ) ಹಿಡಿದು, ನೋಟ್‌ಬುಕ್ (ಕೋಡ್ ಬರೆದು ಅಲ್ಲೇ ಓಡಿಸುವ ಪುಟ) ತೆರೆದು ಕೋಡ್ ಓಡಿಸಬೇಕು. ಅಷ್ಟೇ. ಮೊದಲ ದಿನ ಅರ್ಧ ಗಂಟೆಯಲ್ಲಿ ಸಿಗ್ನಲ್ ಬರಲು ಶುರುವಾಯಿತು. ಈ ಭಾಗಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಕೊಟ್ಟ ಉದಾಹರಣೆ ಕೋಡ್ ಹಾಗೇ ಓಡಿತು, ಇದು ಎಷ್ಟು ಅಪರೂಪ ಅಂತ ಕೋಡ್ ಬರೆಯುವವರಿಗೆ ಗೊತ್ತು.

ಆ ಮೊದಲ ಸಂಜೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಸಿಜಿ ಸಿಗ್ನಲ್ ಚರ್ಮದ ಮೇಲೆ ಸುಮಾರು ಒಂದು ಮಿಲಿವೋಲ್ಟ್ ಇರುತ್ತದೆ. ಇಲ್ಲಿ ಒಂದು ನರಕೋಶ ಮಿಡಿದರೆ ಪಕ್ಕದ ಎಲೆಕ್ಟ್ರೋಡ್‌ಗೆ ಸಿಗುವುದು ಕೆಲವು ಹತ್ತು ಮೈಕ್ರೋವೋಲ್ಟ್. ನಾನು ದಿನಾ ನೋಡುವುದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು. ಅದೂ ಒಂದು ಮಿಲಿಸೆಕೆಂಡ್‌ನಲ್ಲಿ ಬಂದು ಹೋಗುತ್ತದೆ. ಇಸಿಜಿಗೆ ಸೆಕೆಂಡಿಗೆ 500 ಸಲ ಅಳೆದರೆ ಸಾಕು, ಇಲ್ಲಿ 20,000 ಸಲ ಅಳೆಯುತ್ತಾರೆ. 60 ಎಲೆಕ್ಟ್ರೋಡ್‌ಗೆ ಲೆಕ್ಕ ಹಾಕಿದರೆ ಗಂಟೆಗೆ 8 ಜಿಬಿಗೂ ಜಾಸ್ತಿ ಡೇಟಾ. ಅದರಲ್ಲಿ ನಿಜವಾದ ಮಿಡಿತ ಯಾವುದು, ಬರೀ ಸದ್ದು ಯಾವುದು? ಎಲ್ಲರೂ ಮಾಡುವ ಹಾಗೆ ನಾನೂ ಸದ್ದಿನ ಮಟ್ಟದ ಐದು ಪಟ್ಟಿಗೆ ಗೆರೆ ಎಳೆದು, ಅದನ್ನು ದಾಟಿದ್ದನ್ನು ಮಾತ್ರ ಸ್ಪೈಕ್ ಅಂತ ಎಣಿಸಿದೆ.

ನೋಟ್‌ಬುಕ್‌ನಲ್ಲಿ ಒಂದು ಎಲೆಕ್ಟ್ರೋಡ್ ಅನ್ನು ಸ್ಪೀಕರ್‌ಗೆ ಕೊಡುವ ಸೌಲಭ್ಯ ಇದೆ. ಚಿಪ್ 3ರ 47ನೇ ಎಲೆಕ್ಟ್ರೋಡ್ ಹಾಕಿದೆ. ನಾಲ್ಕನೇ ಕಂಬಸಾಲು, ಏಳನೇ ಅಡ್ಡಸಾಲು. ಮೊದಲು ಸುಯ್ ಅನ್ನುವ ಸದ್ದು ಮಾತ್ರ. ಆಮೇಲೆ ಒಂದು ಟಿಕ್. ಸ್ವಲ್ಪ ಬಿಟ್ಟು ಟಿಕ್ ಟಿಕ್. ಇದ್ದಕ್ಕಿದ್ದಂತೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಪಟಪಟಪಟ ಅಂತ ಸುರಿದು, ಮತ್ತೆ ಮೌನ. ಪರದೆಯಲ್ಲಿ ನೋಡಿದರೆ 47 ಒಂದೇ ಅಲ್ಲ, ಹತ್ತಿಪ್ಪತ್ತು ಎಲೆಕ್ಟ್ರೋಡ್‌ಗಳು ಒಟ್ಟಿಗೆ ಮಿಡಿದಿದ್ದವು. ಇದಕ್ಕೆ ಬರ್ಸ್ಟ್ ಅನ್ನುತ್ತಾರೆ. ಏಳೆಂಟು ಸೆಕೆಂಡ್ ಬಿಟ್ಟು ಇನ್ನೊಂದು. ಆಮೇಲೆ ಇನ್ನೊಂದು. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಮುಟ್ಟಿಲ್ಲ, ಅವುಗಳಷ್ಟಕ್ಕೆ ಅವು ಒಂದಕ್ಕೊಂದು ಎಳೆ ಚಾಚಿ, ಜೊತೆಗೂಡಿ ಮಿಡಿಯುತ್ತಿವೆ. ಆವತ್ತು ಮಾಡಬೇಕಿದ್ದ ಕೆಲಸ ಬಿಟ್ಟು ಸ್ಲಾಟ್ ಮುಗಿಯುವವರೆಗೆ ಕೇಳುತ್ತಾ ಕೂತೆ. ನನ್ನ ಕೆಲಸದಲ್ಲಿ ಸಾವಿರಾರು ಹೃದಯದ ಸಿಗ್ನಲ್ ನೋಡಿದ್ದೇನೆ. ಆದರೂ ಮೈ ಜುಮ್ ಅಂದಿತು.

ಕೋಶಗಳಿಗೆ ನಾವು ಏನಾದರೂ ಹೇಳಬೇಕಾದರೆ ಕರೆಂಟ್ ಕೊಟ್ಟೇ ಹೇಳಬೇಕು. ಕೆಲವು ಮೈಕ್ರೋಆಂಪ್, ಕಣ್ಣು ಮಿಟುಕಿಸುವುದರೊಳಗೆ ನೂರಾರು ಸಲ ಮುಗಿಯುವಷ್ಟು ಚಿಕ್ಕ ಹೊಡೆತ. ಮೊದಲು ಒಂದು ದಿಕ್ಕಿಗೆ, ಕೂಡಲೇ ಅಷ್ಟೇ ಅಳತೆಯಲ್ಲಿ ಎದುರು ದಿಕ್ಕಿಗೆ. ಹೀಗೆ ಸರಿದೂಗಿಸದಿದ್ದರೆ ಉಳಿದ ಚಾರ್ಜ್ ಎಲೆಕ್ಟ್ರೋಡನ್ನೂ ಕೋಶವನ್ನೂ ಹಾಳು ಮಾಡುತ್ತದೆ. ಈ ಸೇವೆಯಲ್ಲಿ ಸರಿದೂಗದ ಹೊಡೆತ ಕೊಡಲು ಹೋದರೆ ಸಾಫ್ಟ್‌ವೇರ್ ಒಪ್ಪುವುದೇ ಇಲ್ಲ. ಬೇಕು ಅಂತಲೇ ತಪ್ಪು ಮಾಡಿ ನೋಡಿದೆ, ತಡೆಯಿತು. ಒಳ್ಳೆಯದು. ಹೊಡೆತ ಕೊಟ್ಟ ಕೂಡಲೇ ಕೆಲವು ಮಿಲಿಸೆಕೆಂಡ್ ಎಲ್ಲ ಚಾನೆಲ್‌ಗಳೂ ಕುರುಡಾಗುತ್ತವೆ. ಆ ಭಾಗವನ್ನು ಅಳಿಸುವ ಕೆಲಸವನ್ನೂ ಅವರೇ ಅಚ್ಚುಕಟ್ಟಾಗಿ ಮಾಡಿಟ್ಟಿದ್ದಾರೆ. ನಾನೇ ಬರೆದಿದ್ದರೆ ಒಂದು ವಾರ ಹಿಡಿಯುತ್ತಿತ್ತು.

ನಾನು ಇಟ್ಟುಕೊಂಡ ಪರೀಕ್ಷೆ ತುಂಬ ಸರಳ. ಎಡಗಡೆ ನಾಲ್ಕು ಎಲೆಕ್ಟ್ರೋಡ್‌ಗೆ ಹೊಡೆತ ಕೊಟ್ಟರೆ ‘ಅ’, ಬಲಗಡೆ ನಾಲ್ಕಕ್ಕೆ ಕೊಟ್ಟರೆ ‘ಆ’. ಉಳಿದ ಎಲೆಕ್ಟ್ರೋಡ್‌ಗಳಲ್ಲಿ ಕೋಶಗಳು ಹೇಗೆ ಉತ್ತರ ಕೊಟ್ಟವು ಅನ್ನುವುದನ್ನು ಮಾತ್ರ ನೋಡಿ, ಕೊಟ್ಟದ್ದು ಅ ಅಥವಾ ಆ ಅಂತ ಹೇಳಬೇಕು. ಎರಡನೇ ವಾರದ ಕೊನೆಗೆ ಚಿಪ್ 3ರಲ್ಲಿ ಹತ್ತರಲ್ಲಿ ಎಂಟು ಸಲ ಸರಿ ಬರುತ್ತಿತ್ತು.

ಕೇಳಿದವರೆಲ್ಲ ‘ಓಹ್, ಕೋಶಗಳು ಕಲಿತುಬಿಟ್ಟವು’ ಅಂದರು. ಇಲ್ಲ. ಕಲಿತದ್ದು ನನ್ನ ಲ್ಯಾಪ್‌ಟಾಪ್. ಕೋಶಗಳು ಹೊಡೆತವನ್ನು ತಮ್ಮದೇ ರೀತಿಯಲ್ಲಿ ಕಲಕಿ, ಹರಡಿ ಕೊಟ್ಟವು. ಆ ಕಲಕಿದ ಗುರುತಿನಿಂದ ಅ, ಆ ಬಿಡಿಸಿದ್ದು ಹತ್ತು ಸಾಲಿನ ಒಂದು ಸಾಮಾನ್ಯ ಪ್ರೋಗ್ರಾಂ. ಇದಕ್ಕೆ ರಿಸರ್ವಾಯರ್ ಕಂಪ್ಯೂಟಿಂಗ್ ಅನ್ನುತ್ತಾರೆ. ಕೆರೆಗೆ ಕಲ್ಲು ಹಾಕಿ, ಅಲೆ ನೋಡಿ, ಕಲ್ಲು ಎಲ್ಲಿ ಬಿತ್ತು ಅಂತ ಹೇಳುವ ಹಾಗೆ. 2023ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಫೆಂಗ್ ಗುವೊ ತಂಡ ಆರ್ಗನಾಯ್ಡ್ ಬಳಸಿ ಎಂಟು ಜನರ ದನಿಯಲ್ಲಿದ್ದ 240 ಜಪಾನಿ ಸ್ವರಗಳ ತುಣುಕುಗಳಿಂದ ಮಾತಾಡಿದವರು ಯಾರು ಅಂತ ಗುರುತಿಸಿತು. ತರಬೇತಿಯ ನಂತರ ಸುಮಾರು 78% ಸರಿ. ಅಲ್ಲಿಯೂ ಕೊನೆಯ ಉತ್ತರ ಓದಿದ್ದು ಮಾಮೂಲಿ ಕಂಪ್ಯೂಟರ್. ಆದರೆ ದಿನ ಕಳೆದಂತೆ ಆರ್ಗನಾಯ್ಡ್ ಒಳಗೇ ಬದಲಾವಣೆ ಆಗಿ ಫಲಿತಾಂಶ ಸುಧಾರಿಸಿತು ಅನ್ನುವುದು ಅವರ ಕೆಲಸದ ತಿರುಳು. ಅದು ದೊಡ್ಡ ವಿಷಯ. ಯಾರಾದರೂ ‘ಕೋಶ ಕಲಿಯಿತು’ ಅಂದರೆ, ಕಲಿತದ್ದು ಕೋಶವಾ ಅಥವಾ ಪಕ್ಕದ ಕಂಪ್ಯೂಟರಾ ಅಂತ ಮೊದಲು ಕೇಳಿ.

ಮೆಲ್ಬರ್ನ್‌ನವರ ಪಾಂಗ್ ಪ್ರಯೋಗ ಇದಕ್ಕಿಂತ ಬೇರೆ ದಾರಿ ಹಿಡಿಯಿತು. ಚೆಂಡಿಗೆ ಬ್ಯಾಟ್ ತಾಗಿದರೆ ಕೋಶಗಳಿಗೆ ಒಂದೇ ತರಹದ, ಊಹಿಸಬಹುದಾದ ಹೊಡೆತ. ತಪ್ಪಿದರೆ ನಾಲ್ಕು ಸೆಕೆಂಡ್ ಎಲ್ಲೆಂದರಲ್ಲಿ ಅಡ್ಡಾದಿಡ್ಡಿ ಹೊಡೆತ. ಕೋಶಗಳು ಗೊಂದಲ ಕಡಿಮೆ ಆಗುವ ಕಡೆಗೆ ತಮ್ಮನ್ನು ತಿದ್ದಿಕೊಳ್ಳುತ್ತವೆ ಅನ್ನುವುದು ಅವರ ವಾದ. ಅಲ್ಲಿ ಕೋಶದ ಉತ್ತರಕ್ಕೆ ಕೂಡಲೇ ಮರು ಉತ್ತರ ಹೋಗಬೇಕು. ಮನೆಯಿಂದ ಇಂಟರ್ನೆಟ್ ಮೂಲಕ ಇದನ್ನು ಮಾಡಲು ಆಗುವುದಿಲ್ಲ, ಸಿಗ್ನಲ್ ಹೋಗಿ ಬರುವುದರೊಳಗೆ ಕೋಶದ ಕ್ಷಣ ಕಳೆದುಹೋಗಿರುತ್ತದೆ. ನಾನು ಬಳಸಿದ ಸೇವೆಯಲ್ಲಿ ನಮ್ಮ ಕೋಡನ್ನು ಚಿಪ್‌ನ ಪಕ್ಕದ ಕಂಪ್ಯೂಟರ್‌ಗೇ ಕಳಿಸಿ ಅಲ್ಲೇ ಓಡಿಸಬಹುದು. ಆದರೆ ಒಂದು ಸಲಕ್ಕೆ ಹತ್ತು ನಿಮಿಷ ಮಾತ್ರ. ಕಲಿಕೆ ನೋಡಬೇಕು ಅನ್ನುವವರಿಗೆ ಇದು ಯಾತಕ್ಕೂ ಸಾಲದು.

ಈಗ ಮೂರನೇ ವಾರದ ಮಾತು.

ಸೋಮವಾರ ಬೆಳಿಗ್ಗೆ ಲಾಗಿನ್ ಆಗಿ ಹಿಂದಿನ ಶುಕ್ರವಾರದ ಕೋಡನ್ನೇ ಚಿಪ್ 3ರ ಮೇಲೆ ಓಡಿಸಿದೆ. ಹತ್ತರಲ್ಲಿ ಐದು ಸರಿ. ಎರಡೇ ಉತ್ತರ ಇರುವ ಕಡೆ ಹತ್ತರಲ್ಲಿ ಐದು ಅಂದರೆ ನಾಣ್ಯ ಚಿಮ್ಮಿದ ಹಾಗೆ, ಏನೂ ಗೊತ್ತಿಲ್ಲ ಅಂತ ಅರ್ಥ. ಮೀಡಿಯಂ ಬದಲಿಸಿರಬೇಕು ಅಂದುಕೊಂಡೆ. ಮೊದಲ ವಾರದಲ್ಲೇ ಗಮನಿಸಿದ್ದೆ, ಕೆಲವು ಬೆಳಿಗ್ಗೆ ಎಲ್ಲ ಚಿಪ್‌ಗಳ ಮಿಡಿತ ಒಟ್ಟಿಗೆ ಏರುಪೇರಾಗಿ ಮಧ್ಯಾಹ್ನಕ್ಕೆ ಸರಿಹೋಗುತ್ತಿತ್ತು. ಯಾವಾಗ ಬದಲಿಸುತ್ತಾರೆ ಅನ್ನುವ ಸಮಯ ಎಲ್ಲೂ ಬರೆದಿರಲಿಲ್ಲ, ನಾನೇ ಊಹಿಸಿಕೊಂಡಿದ್ದೆ. ಮಧ್ಯಾಹ್ನದವರೆಗೆ ಕಾದೆ. ಸಂಜೆಯವರೆಗೆ ಕಾದೆ. ಅದೇ ಐದು.

ಮಂಗಳವಾರ ಪೂರ್ತಿ ನನ್ನ ಕೋಡ್‌ನಲ್ಲಿ ತಪ್ಪು ಹುಡುಕಿದೆ. ಫಿಲ್ಟರ್ ಬದಲಿಸಿದೆ, ಥ್ರೆಶೋಲ್ಡ್ (ಸ್ಪೈಕ್ ಎಣಿಸಲು ಎಳೆದ ಗೆರೆ) ಇಳಿಸಿದೆ, ಎಲೆಕ್ಟ್ರೋಡ್ ನಂಬರ್‌ಗಳು ಅದಲುಬದಲಾಗಿವೆಯಾ ಅಂತ ಒಂದೊಂದೇ ಪರೀಕ್ಷಿಸಿದೆ. ಬುಧವಾರ ರಾತ್ರಿ ಬೇಜಾರಾಗಿ, ಲೆಕ್ಕ ಎಲ್ಲ ಬದಿಗಿಟ್ಟು, ಮೊದಲ ದಿನದ ಹಾಗೆ 47ನ್ನು ಸ್ಪೀಕರ್‌ಗೆ ಹಾಕಿದೆ. ಸುಯ್ ಅನ್ನುವ ಸದ್ದು. ಹತ್ತು ನಿಮಿಷ ಕೂತೆ. ಒಂದು ಟಿಕ್ ಕೂಡ ಇಲ್ಲ. ಪರದೆಯಲ್ಲಿ ನೋಡಿದರೆ ಮೊದಲು ಮಾತೇ ಆಡದಿದ್ದ 22, 23, 32 ಈಗ ಜೋರಾಗಿ ಮಿಡಿಯುತ್ತಿವೆ. ಬರ್ಸ್ಟ್‌ಗಳ ನಡುವೆ ಏಳೆಂಟು ಸೆಕೆಂಡ್ ಇದ್ದದ್ದು ಇಪ್ಪತ್ತು ಆಗಿದೆ. ಹಳೆಯ ಮತ್ತು ಹೊಸ ಚಿತ್ರ ಅಕ್ಕಪಕ್ಕ ಇಟ್ಟಾಗ ಅರ್ಥವಾಯಿತು. ಹಾಸಿಗೆ ನಂಬರ್ ಅದೇ, ರೋಗಿ ಬೇರೆ.

ಲ್ಯಾಬ್‌ಗೆ ಬರೆದೆ. ಮರುದಿನ ಉತ್ತರ ಬಂತು. ಶನಿವಾರದಿಂದ ಆ ಕಲ್ಚರ್‌ನ (ಚಿಪ್ ಮೇಲೆ ಬೆಳೆಸಿದ ಕೋಶಗಳ ಗುಂಪಿನ) ಮಿಡಿತ ಕಡಿಮೆಯಾಗುತ್ತಾ ಬಂದು ಭಾನುವಾರ ನಿಂತುಹೋಯಿತು, ಅದೇ ಜಾಗದಲ್ಲಿ ಬೇರೆ ಕಲ್ಚರ್ ಇಟ್ಟಿದ್ದೇವೆ, ಸೇವೆಗೆ ಅಡಚಣೆ ಆಗಬಾರದು ಅಂತ ನಂಬರ್ ಹಾಗೇ ಉಳಿಸಿದ್ದೇವೆ ಅಂತ. ಉತ್ತರ ವಿನಯವಾಗಿಯೇ ಇತ್ತು. ಅವರ ಮನಸ್ಸಿನಲ್ಲಿ ಹಾಳಾದ ಡಿಸ್ಕ್ ತೆಗೆದು ಹೊಸದು ಹಾಕಿದ ಹಾಗೆ.

ಇಲ್ಲೇ ನನಗೂ ಅವರಿಗೂ ಇರುವ ವ್ಯತ್ಯಾಸ. ಡಿಸ್ಕ್ ಹೋದರೆ ಅದರಲ್ಲಿದ್ದದ್ದನ್ನು ಇನ್ನೊಂದಕ್ಕೆ ತುಂಬಬಹುದು. ಕಲ್ಚರ್ ಹೋದರೆ ಅದರ ಜೊತೆ ಎಲ್ಲ ಹೋಯಿತು. ಚಿಪ್ 3ರಲ್ಲಿ ಎಷ್ಟು ಲಕ್ಷ ಎಳೆಗಳು ಹೇಗೆ ಹೆಣೆದುಕೊಂಡಿದ್ದವು ಅನ್ನುವುದರ ನಕಲು ಎಲ್ಲೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಅದೇ ದಾನಿಯ ಕೋಶ, ಅದೇ ಮೀಡಿಯಂ, ಅದೇ ಕೈಗಳು ಬೆಳೆಸಿದರೂ ಮುಂದಿನದು ಬೇರೆಯೇ ಆಗಿರುತ್ತದೆ. ಇದನ್ನು ಬಳಸುವುದರ ಅರ್ಥವೇ ಆ ಒಂದು ಹೆಣಿಗೆಯ ಜೊತೆ ಕೆಲಸ ಮಾಡುವುದು.

ಸಾಯುವುದು ಅಪರೂಪವೂ ಅಲ್ಲ. ಫೈನಲ್‌ಸ್ಪಾರ್ಕ್‌ನವರು 2024ರ ತಮ್ಮ ಲೇಖನದಲ್ಲಿ ಬರೆದ ಪ್ರಕಾರ ಮೂರು ವರ್ಷದಲ್ಲಿ 1,000ಕ್ಕೂ ಹೆಚ್ಚು ಆರ್ಗನಾಯ್ಡ್‌ಗಳನ್ನು ಬಳಸಿದ್ದಾರೆ. ಒಂದೊಂದು ಹೆಚ್ಚೆಂದರೆ 100 ದಿನ. ಸಿಎಲ್1ರಲ್ಲಿ ಕೋಶಗಳು ಆರು ತಿಂಗಳವರೆಗೆ ಬಾಳುತ್ತವೆ ಅನ್ನುತ್ತಾರೆ. ಮೆದುಳಿನಲ್ಲಿ ರಕ್ತನಾಳಗಳು ಮೂಲೆಮೂಲೆಗೆ ಆಮ್ಲಜನಕ ಒಯ್ಯುತ್ತವೆ, ಇಲ್ಲಿ ಅದಿಲ್ಲ. ಉಂಡೆ ದಪ್ಪ ಆದಷ್ಟೂ ನಡುವಿನ ಕೋಶಗಳು ಸಾಯುತ್ತವೆ. ತೆಳು ಪದರವಾದರೆ ಆ ತೊಂದರೆ ಕಡಿಮೆ, ಆದರೆ ಸೋಂಕು, ಅಂಟು ಬಿಡುವುದು, ಮೀಡಿಯಂ ಆವಿಯಾಗಿ ಉಪ್ಪು ಹೆಚ್ಚುವುದು, ಹೀಗೆ ಸಾಯಲು ದಾರಿ ಬೇಕಾದಷ್ಟಿವೆ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಹೇಳದೇ ಇದ್ದದ್ದಕ್ಕೆ ದೂರುತ್ತೇನೆ. ನಮ್ಮ ಯಂತ್ರಗಳಲ್ಲಿ ಗೆರೆ ನೇರವಾದರೆ ಕೆಲವೇ ಸೆಕೆಂಡ್‌ನಲ್ಲಿ ಅಲಾರಂ ಹೊಡೆಯಲೇಬೇಕು, ಅದಿಲ್ಲದೆ ಯಂತ್ರ ಹೊರಗೆ ಹೋಗುವುದೇ ಇಲ್ಲ. ಇಲ್ಲಿ ಮನುಷ್ಯರ ಕೋಶ ನಿಂತುಹೋಗಿ ಮೂರು ದಿನ ನಾನು ಇನ್ನೊಂದರ ಜೊತೆ ಅದೇ ಅಂದುಕೊಂಡು ಮಾತಾಡುತ್ತಿದ್ದೆ.

ಆ ಕೋಶಗಳಿಗೆ ನೋವಾಯಿತು ಅಂತ ನಾನು ಹೇಳುತ್ತಿಲ್ಲ. ಮನುಷ್ಯರ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಗಾಜಿನ ಮೇಲೆ ಹರಡಿದ ಕೆಲವು ಲಕ್ಷ ಕೋಶಗಳಿಗೆ ಕಣ್ಣಿಲ್ಲ, ಚರ್ಮವಿಲ್ಲ, ನೋವು ತರುವ ನರವೂ ಇಲ್ಲ. ಆದರೂ ಅವು ಒಬ್ಬ ಮನುಷ್ಯ ಒಪ್ಪಿ ಕೊಟ್ಟ ಕೋಶಗಳು. ದಾನಿ ಯಾವುದಕ್ಕೆ ಒಪ್ಪಿದ್ದರು, ಔಷಧ ಸಂಶೋಧನೆಗೆ ಮಾತ್ರವಾ, ಹೀಗೆ ಬಾಡಿಗೆಗೆ ಕೊಡುವುದಕ್ಕೂ ಒಪ್ಪಿದ್ದರಾ ಅಂತ ಕೇಳಿದೆ. ಕೋಶ ಬ್ಯಾಂಕ್‌ನಿಂದ ಬಂದದ್ದು, ಹೆಸರು ತಿಳಿಯದಂತೆ, ವ್ಯಾಪಾರದ ಬಳಕೆಗೂ ಲಿಖಿತ ಒಪ್ಪಿಗೆ ಇದೆ ಅಂದರು. ಸಮಾಧಾನ ಆಯಿತು. ಆದರೆ ಇದು ಕೇಳಿದವರಿಗೆ ಹೇಳುವ ಮಾತಲ್ಲ, ಮೊದಲ ಪುಟದಲ್ಲೇ ಇರಬೇಕಾದದ್ದು. ಜಾನ್ಸ್ ಹಾಪ್‌ಕಿನ್ಸ್‌ನ ಥಾಮಸ್ ಹಾರ್ಟುಂಗ್ ಮತ್ತು ಜೊತೆಯವರು 2023ರಲ್ಲಿ ಆರ್ಗನಾಯ್ಡ್ ಇಂಟೆಲಿಜೆನ್ಸ್ ಅನ್ನುವ ಹೆಸರಿಟ್ಟು ಈ ಕ್ಷೇತ್ರದ ದಾರಿ ಬರೆದಾಗಲೇ ನೈತಿಕ ಪ್ರಶ್ನೆಗಳನ್ನು ಶುರುವಿನಿಂದಲೇ ಜೊತೆಗಿಟ್ಟುಕೊಳ್ಳಬೇಕು ಅಂದಿದ್ದರು.

ಕರೆಂಟ್ ಉಳಿತಾಯದ ಮಾತೂ ಒಂದಿಷ್ಟು. ಮೆದುಳು ಸುಮಾರು 20 ವ್ಯಾಟ್‌ನಲ್ಲಿ ನಡೆಯುತ್ತದೆ, ಅದಕ್ಕೇ ಇದು ಮುಂದಿನ ಕಂಪ್ಯೂಟರ್ ಅಂತ ಎಲ್ಲ ಕಡೆ ಹೇಳುತ್ತಾರೆ. ಕೋಶಗಳ ಮಟ್ಟಿಗೆ ನಿಜ. ಆದರೆ ಅವುಗಳನ್ನು ಬದುಕಿಸಿಡುವ ಇನ್‌ಕ್ಯುಬೇಟರ್, ಪಂಪ್, ಆಂಪ್ಲಿಫೈಯರ್, ಪಕ್ಕದ ಕಂಪ್ಯೂಟರ್, ಇವುಗಳ ಲೆಕ್ಕ ಸೇರಿಸಿದರೆ ಇವತ್ತು ಉಳಿತಾಯ ಏನೂ ಇಲ್ಲ. ನಾನು ಮಾಡಿಸಿದ ಅ, ಆ ಕೆಲಸವನ್ನು ಕೈಗಡಿಯಾರದಲ್ಲಿರುವ ಚಿಪ್ ಮಾಡಬಲ್ಲದು. ಲೆಕ್ಕ ಮಾಡಿಸಲು ಇದನ್ನು ತೆಗೆದುಕೊಳ್ಳಬೇಡಿ. ನರಕೋಶಗಳು ಹೇಗೆ ಕಲಿಯುತ್ತವೆ, ಔಷಧ ಬಿದ್ದರೆ ಹೇಗೆ ಬದಲಾಗುತ್ತವೆ ಅಂತ ತಿಳಿಯುವ ಆಸೆ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. 2004ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಥಾಮಸ್ ಡಿಮಾರ್ಸ್ ಇಲಿಯ 25,000 ನರಕೋಶಗಳಿಂದ ಸಿಮ್ಯುಲೇಟರ್‌ನಲ್ಲಿ ವಿಮಾನ ಹಾರಿಸಿದಾಗ ಇಂಥದ್ದನ್ನು ಮುಟ್ಟಲು ಅಂಥ ಲ್ಯಾಬ್ ಒಳಗೇ ಇರಬೇಕಿತ್ತು. ಈಗ ನನ್ನಂಥವಳೂ ರಾತ್ರಿ ಊಟ ಆದಮೇಲೆ ಮುಟ್ಟಬಹುದು. ಅದು ಸಣ್ಣ ಮಾತಲ್ಲ.

ಲ್ಯಾಬ್‌ಗೆ ಎರಡು ಪುಟ ಬರೆದೆ. ಪ್ರತಿ ಕಲ್ಚರ್‌ಗೆ ತನ್ನದೇ ನಂಬರ್ ಕೊಡಿ, ಸತ್ತ ಮೇಲೆ ಅದನ್ನು ಇನ್ನೊಂದಕ್ಕೆ ಹಾಕಬೇಡಿ. ಎಷ್ಟು ದಿನದ್ದು ಅಂತ ತೋರಿಸಿ. ಮೀಡಿಯಂ ಬದಲಿಸಿದ ಸಮಯ ಬರೆಯಿರಿ. ಮಿಡಿತ ಅರ್ಧಕ್ಕೆ ಇಳಿದರೆ ಬಳಸುತ್ತಿರುವವರಿಗೆ ಒಂದು ಮೆಸೇಜ್ ಕಳಿಸಿ, ಕೊನೆಯ ಗಂಟೆಗಳ ಡೇಟಾ ಅವರಿಗೆ ಕೊಡಿ. ಯಾವುದೂ ಕಷ್ಟದ ಕೆಲಸವಲ್ಲ, ಬೇಕಾದರೆ ಅಲಾರಂ ಕೋಡ್ ನಾನೇ ಬರೆದುಕೊಡುತ್ತೇನೆ ಅಂದೆ. ಚಿಪ್ 3ರ ಕೊನೆಯ ಶನಿವಾರ, ಭಾನುವಾರದ ರೆಕಾರ್ಡಿಂಗ್ ಕಳಿಸಿದರು. ಏಳೆಂಟು ಸೆಕೆಂಡ್ ಇದ್ದ ಅಂತರ ಹನ್ನೆರಡಾಗಿ, ಮೂವತ್ತಾಗಿ, ಆಮೇಲೆ 47 ಒಂದೇ ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುತ್ತಿತ್ತು. ಕೊನೆಯದು ಭಾನುವಾರ ಬೆಳಗಿನ ಜಾವ 4 ಗಂಟೆ 11 ನಿಮಿಷಕ್ಕೆ.

ಇನ್ನೊಂದು ತಿಂಗಳಿಗೆ ಹೆಸರು ಬರೆಸಿದ್ದೇನೆ. ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ, ಮೆಸೇಜ್ ಕಳಿಸುವ ಏರ್ಪಾಡು ಬಂದ ದಿನ ನಾಲ್ಕು ಮಾಡುತ್ತೇನೆ. ನಿನ್ನೆ ಸ್ಲಾಟ್ ಹಿಡಿಯುವ ಪುಟ ತೆರೆದಾಗ ಚಿಪ್ 3ರ ಪಕ್ಕ ಮೊದಲು ಇಲ್ಲದ ಒಂದು ಸಾಲು ಕಂಡಿತು: ಕಲ್ಚರ್ 0119, 41ನೇ ದಿನ.